ಗೌಡರ ವಾಡೆಗೆ ಬಗೀಚಾ ಹಾಕಲು ಹೋಗಿದ್ದು

ಹಾವು ಕಡಿದಿಲ್ಲ. ಅದನ್ನು ಮೊದಲು ಬರೆದು ಆಮೇಲೆ ಉಳಿದದ್ದು ಬರೆಯುತ್ತೇನೆ. ಸಾಯಬಣ್ಣ ಸತ್ತದ್ದು ಜ್ವಾಳದ ಹಗೇವಿನೊಳಗಿನ ಕೆಟ್ಟ ಗಾಳಿಗೆ. ಕಂದೀಲು ಇಳಿಸಿ ನೋಡ್ರಿ ಅಂದವಳು ನಾನು. ಯಾಕೆ ಇಳಿಸಬೇಕು ಅನ್ನುವುದನ್ನು ಹೇಳದೆ ಚಹಾ ಕುಡಿಯಲು ಒಳಗೆ ಹೋದವಳೂ ನಾನೇ. ಅಫಜಲಪುರದ ಕಡೆಯವರು ಒಂದು ಹೇಳುತ್ತಾರೆ, ಜೇವರ್ಗಿ ಕಡೆಯವರು ಇನ್ನೊಂದು ಹೇಳುತ್ತಾರೆ, ನಮ್ಮ ಸರಸಂಬಾದ ಕಟ್ಟೆಯ ಮೇಲೆ ಕೂತವರು ಮೂರನೆಯದೊಂದು ಕಟ್ಟಿದ್ದಾರೆ. ನಾನು ಗಾಂವಠಿ ಸಾಲಿಯಲ್ಲಿ ಮೂರು ವರ್ಷ ಕೂತವಳು, ಅಕ್ಷರ ದುಂಡಗಿಲ್ಲ. ಆದರೂ ಹೋದದ್ದು, ಬಂದದ್ದು, ಐದು ದಿನದಲ್ಲಿ ಕಂಡದ್ದು ನಾನೇ ಬರೆದಿಡುವುದು ಛಲೋ.

ನಾವು ಹೂಗಾರರು. ಊರ ಗುಡಿಗೆ ಪತ್ರಿ, ಹೂವು ಕೊಡುವುದು ನಮ್ಮ ಮನೆತನದ ಕೆಲಸ. ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ಸೇವಂತಿಗೆ, ಚೆಂಡುಹೂವು, ದುಂಡುಮಲ್ಲಿಗೆ ಬೆಳೆಯುತ್ತೇವೆ. ನನ್ನ ಮಗನ ಮಗಳು ಸುವರ್ಣಾ ಧಾರವಾಡದಲ್ಲಿ ನಾಲ್ಕು ವರ್ಷ ಇದ್ದು ತೋಟಗಾರಿಕೆ ಕಲಿತು ಬಂದಳು. ಹೂಗಾರರ ಹುಡುಗಿ ಹೂ ಬೆಳೆಯುವುದನ್ನು ಕಲಿಯಲು ಧಾರವಾಡಕ್ಕೆ ಯಾಕೆ ಹೋಗಬೇಕು ಅಂತ ನಾನು ಅಂದಿದ್ದೆ. ಕಲಿತು ಬಂದ ಮೇಲೆ ಒಂದು ವರ್ಷ ಮನೆಯಲ್ಲೇ ಕೂತಳು. ಅರ್ಜಿ ಹಾಕಿದ ಯಾವ ಕಡೆಯಿಂದಲೂ ಕಾಗದ ಬರಲಿಲ್ಲ. ಅವಳ ಅಪ್ಪ ಗಂಡು ನೋಡಲು ಶುರು ಮಾಡಿದ. ಅಷ್ಟರಲ್ಲಿ ಕರಜಗಿಯಿಂದ ಎರಡು ಹರದಾರಿ ಒಳಗಿನ ಒಂದು ಊರಿನ ಗೌಡರಿಂದ ಕಾಗದ ಬಂತು. ಅವಳ ಮಾಸ್ತರರು ಹೆಸರು ಹೇಳಿದ್ದರಂತೆ. ತಮ್ಮ ಹಳೆಯ ವಾಡೆಯ ಮುಂದೆ ಹೊಸ ನಮೂನೆಯ ಬಗೀಚಾ ಮಾಡಿಸಬೇಕು, ಬಂದು ನಕ್ಷೆ ಹಾಕಿ ನಿಂತು ಮಾಡಿಸಿಕೊಡಬೇಕು ಅಂತ ಅದರಲ್ಲಿತ್ತು. ಆ ಊರಿನ ಹೆಸರು ನಾನು ಬರೆಯುವುದಿಲ್ಲ.

ಅಪ್ಪ ಮಗಳ ನಡುವೆ ಒಂದು ಮಾತಾಯಿತು. ಈ ಕೆಲಸ ನೆಟ್ಟಗಾದರೆ ಎರಡು ವರ್ಷ ಮದುವೆಯ ಮಾತು ಇಲ್ಲ. ಕೆಟ್ಟರೆ ನೋಡಿಟ್ಟ ಗಂಡಿಗೆ ಹೂಂ ಅನ್ನಬೇಕು. ಒಬ್ಬಳನ್ನೇ ಪರರ ವಾಡೆಗೆ ಕಳಿಸುವ ಹಾಗಿಲ್ಲ ಅಂತ ನನ್ನನ್ನು ಜೊತೆಗೆ ಹಾಕಿದ.

ರೋಹಿಣಿ ಮಳೆ ಇನ್ನೂ ಕೂಡಿರಲಿಲ್ಲ. ಸೋಮವಾರ ಮುಂಜಾನೆ ಆರೂವರೆಯ ಬಸ್ಸಿಗೆ ಹೊರಟೆವು. ನನ್ನ ಕೈಯಲ್ಲಿ ಬುತ್ತಿಗಂಟು, ಸುವರ್ಣಾಳ ಕೈಯಲ್ಲಿ ಸುತ್ತಿದ ನಕ್ಷೆಯ ಕಾಗದ, ಇಬ್ಬರ ನಡುವೆ ಹಸಿ ಗೋಣಿತಟ್ಟಿನಲ್ಲಿ ಕಟ್ಟಿದ ಗುಲಾಬಿ ಕಡ್ಡಿಯ ಹೊರೆ. ಕಂಡಕ್ಟರ್ ಅದನ್ನು ಕಾಲಿನಿಂದ ಮುಟ್ಟಿ ನೋಡಿದ.

"ಇದಕ್ಕ ಲಗೇಜ್ ಆಗ್ತದ ಯವ್ವಾ. ಗಿಡಕ್ಕ ಟಿಕೇಟ ಅದ."

"ಗಿಡ ಎಲ್ಲದನೋ ತಮ್ಮಾ? ಕಡ್ಡಿ ಅವು. ಕಡ್ಡಿಗೂ ಟಿಕೇಟ ತಗೋತಾರೇನು?"

"ನಾಳಿ ಚಿಗುರ್ತಾವಲ್ಲ?"

"ಚಿಗುರಿದ ದಿನ ಬಾ, ಕೊಡ್ತೇನಿ."

ಎರಡು ಟಿಕೇಟನ್ನೇ ಹರಿದುಕೊಟ್ಟ. ಆಳಂದಕ್ಕೆ ತಲಾ ಎರಡು ರೂಪಾಯಿ. ಅಲ್ಲಿಂದ ಅಫಜಲಪುರಕ್ಕೆ ನೇರ ಹೋಗುವ ಬಸ್ಸು ಆಗ ದಿನಕ್ಕೊಂದೇ, ಅದು ನಾವು ಇಳಿಯುವ ಮೊದಲೇ ಹೋಗಿತ್ತು. ಗುಲಬರ್ಗಾ ಸುತ್ತಿಕೊಂಡು ಹೋದೆವು. ಗುಲಬರ್ಗಾಕ್ಕೆ ಐದು, ಅಲ್ಲಿಂದ ಅಫಜಲಪುರಕ್ಕೆ ಏಳೂವರೆ. ಗುಲಬರ್ಗಾ ಸ್ಟ್ಯಾಂಡಿನಲ್ಲಿ ನೆರಳು ಹುಡುಕಿ ಕೂತು ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ತಿಂದೆವು. ಮೋಡ ಕಟ್ಟಿತ್ತು, ಮಳೆ ಇರಲಿಲ್ಲ. ಗಾಳಿ ಬಿಸಿ ದೂಳನ್ನು ಎತ್ತಿ ರೊಟ್ಟಿಯ ಮೇಲೆ ಹಾಕುತ್ತಿತ್ತು. ದಾರಿಯುದ್ದಕ್ಕೂ ಹೊಲ ಕಪ್ಪಗೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಸುವರ್ಣಾ ಕಾಗದ ಬಿಚ್ಚುವುದು, ನೋಡುವುದು, ಸುತ್ತುವುದು ಮಾಡುತ್ತಿದ್ದಳು.

ಅಫಜಲಪುರದಲ್ಲಿ ಗೌಡರ ಜೀಪು ಬಂದಿತ್ತು. ಡ್ರೈವರ್ ಮಹಿಬೂಬ ಅಂತ, ಮಾತುಗಾರ. "ಬರ್ರಿ ಬರ್ರಿ. ಬಗೀಚಾ ಮಾಡೂ ಸಾಹೇಬ್ರು ಬರ್ತಾರ ಅಂದಿದ್ರು. ಸಾಹೇಬ್ರು ಎಲ್ಲದಾರ್ರಿ?"

"ಇಕಿನೇ ಸಾಹೇಬ," ಅಂದೆ.

ಅವನು ಸುವರ್ಣಾಳನ್ನು ನೋಡಿದ, ನನ್ನನ್ನು ನೋಡಿದ. ಕಡ್ಡಿಯ ಹೊರೆಯನ್ನು ಎತ್ತಿ ಹಿಂದಿಟ್ಟ. ಕರಜಗಿ ದಾಟಿ ಒಳಗೆ ಹೊರಳಿದ ಮೇಲೆ ರಸ್ತೆ ಅನ್ನುವುದು ಇರಲಿಲ್ಲ, ಚಕ್ಕಡಿಯ ಜಾಡು ಇತ್ತು. ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು.

ವಾಡೆ ದೊಡ್ಡದು. ಊರಿನ ದಿನ್ನೆಯ ಮೇಲೆ, ಕೆಳಗೆ ಕಲ್ಲು, ಮೇಲೆ ಬಿಳಿ ಮಣ್ಣಿನ ಗೋಡೆ. ನಾಲ್ಕು ಮೂಲೆಗೆ ಕಾವಲಿನವರು ನಿಲ್ಲುವ ನಾಲ್ಕು ಹುಡೆ ಇದ್ದವಂತೆ, ಈಗ ಎರಡು ನಿಂತಿವೆ. ಹೆಬ್ಬಾಗಿಲಿನ ಕದಕ್ಕೆ ಕಬ್ಬಿಣದ ಮೊಳೆ, ಆನೆ ಬಂದು ತಲೆ ಹಾಯಬಾರದು ಅಂತ ಹಚ್ಚಿದ್ದು ಅಂದರು. ಒಳಗೆ ಎರಡು ಬೇವಿನ ಮರ ಬಿಟ್ಟರೆ ಬರೀ ಅಂಗಳ. ನೂರು ಚಕ್ಕಡಿ ಬಿಡುವಷ್ಟು ಅಂಗಳ. ಅಷ್ಟು ದೊಡ್ಡ ಮನೆಯಲ್ಲಿ ದೀಪ ಹತ್ತಿದ್ದು ಎರಡೇ ಕೋಣೆಯಲ್ಲಿ.

ಗೌಡರಿಗೆ ಐವತ್ತರ ಮೇಲೆ. ಸಣ್ಣಂದಿನಿಂದ ಹೈದರಾಬಾದಿನಲ್ಲಿ ಓದಿ, ಅಲ್ಲೇ ವ್ಯಾಪಾರ ಮಾಡಿ, ಈಚೆಗೆ ವಾಡೆಗೆ ಬಂದು ನಿಂತವರು. ಅವರ ತಾಯಿ ಇದ್ದರು, ಎಲ್ಲರೂ ಅವ್ವಾರು ಅನ್ನುತ್ತಿದ್ದರು. ಆ ಮನೆಯ ಹೆಣ್ಣುಮಕ್ಕಳು ಮುಂದಿನ ಅಂಗಳಕ್ಕೆ ಬರುವ ಪದ್ಧತಿ ಇರಲಿಲ್ಲ. ಅವ್ವಾರು ನಡುಮನೆಯ ಬಾಗಿಲಿನ ಒಳಗೆ ಕೂತು ಹೊರಗಿನದನ್ನು ನೋಡುತ್ತಿದ್ದರು, ಅಷ್ಟೇ.

ಮಂಗಳವಾರ ಮುಂಜಾನೆ ಸುವರ್ಣಾ ಕಟ್ಟೆಯ ಮೇಲೆ ಕಾಗದ ಬಿಚ್ಚಿದಳು. ಗೌಡರಿಗೆ ಹುಲ್ಲು ಬೇಕಾಗಿತ್ತು. ಹೈದರಾಬಾದಿನಲ್ಲಿ ಕಂಡಂಥ ಹಸಿರು ಹುಲ್ಲಿನ ಹಾಸು, ನಡುವೆ ಕಾರಂಜಿ, ಅಂಚಿಗೆ ಗುಲಾಬಿ. ಸುವರ್ಣಾಳ ನಕ್ಷೆಯಲ್ಲಿ ಬೇರೆಯೇ ಇತ್ತು. ಫರ್ಸಿಕಲ್ಲಿನ ಅಗಲ ಮೆಟ್ಟಿಲು, ಮೆಟ್ಟಿಲಿನ ನಡುವೆ ಗರಸು ಮಣ್ಣು, ಗರಸಿನಲ್ಲಿ ಲೋಳಸರ, ಕಳ್ಳಿ, ಸಾಲಾಗಿ ತಂಗಡಿ ಗಿಡ.

"ತಂಗಡಿ?" ಅಂದರು ಗೌಡರು. "ಹೊಲದ ಬದುವಿನ ತಂಗಡಿ?"

ನನಗೂ ಹಾಗೇ ಅನ್ನಿಸಿತ್ತು. "ನಾವು ಕಿತ್ತು ಒಗಿಯೂದನ್ನ ನೀ ನಕ್ಷಾದಾಗ ಬರಕೊಂಡು ಬಂದಿ ನೋಡು," ಅಂದೆ.

ಸುವರ್ಣಾ ಸಿಟ್ಟಾಗಲಿಲ್ಲ. ಗೌಡರನ್ನು ಹೆಬ್ಬಾಗಿಲಿನ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದಳು. "ಗೌಡ್ರ, ಇಲ್ಲಿಂದ ಮನಿ ನೋಡ್ರಿ. ಗ್ವಾಡಿ ಬಿಳಿ ಮಣ್ಣಿಂದದ. ಅದರ ಮುಂದ ಹಸರು ಹುಲ್ಲು ಹಾಸಿದ್ರ ಬಾಡಗಿ ತಂದ ಜಮಖಾನಿ ಹಾಸಿದಂಗ ಕಾಣ್ತದ. ತಂಗಡಿ ಹಳದಿ ಹೂ ಬಿಟ್ರ ಈ ಗ್ವಾಡಿಗಿ ಹೊತ್ತು ಮೂಡಿದಂಗ ಆಗ್ತದ. ಅದಕ್ಕ ನೀರೂ ಬ್ಯಾಡ. ಈ ಮನಿ ಎಷ್ಟು ವರ್ಷದಿಂದ ಈ ನೆಲದ ಮ್ಯಾಲ ನಿಂತದ, ಅದರ ಮುಂದ ನಿಲ್ಲೂ ಗಿಡನೂ ಇದೇ ನೆಲದ್ದಾಗಿರಬೇಕು."

ಗೌಡರು ಹೆಬ್ಬಾಗಿಲಿನಿಂದ ಕಟ್ಟೆಯ ತನಕ ನಡೆದು ಹೋಗಿ ಬಂದರು. ಆಮೇಲೆ, "ಆಗಲಿ. ಆದ್ರ ಕಟ್ಟಿ ಮುಂದ ಒಂದು ತುಣುಕು ಹುಲ್ಲು ಬೇಕೇಬೇಕು. ಎಂಟು ದಿನಕ್ಕ ಸೊಲ್ಲಾಪುರದಿಂದ ಬೀಗರು ಬರಾಕತ್ತಾರ. ಹುಲ್ಲಿಲ್ಲದ ಬಗೀಚಾ ಅಂದ್ರ ನಗ್ತಾರ," ಅಂದರು.

ಹುಲ್ಲಿಗೆ ನೀರು ಬೇಕು. ವಾಡೆಯ ಬಾವಿಯಲ್ಲಿ ಆ ಹೊತ್ತಿಗೆ ಕುಡಿಯುವಷ್ಟೇ ನೀರು. ಮಳೆ ಬಿದ್ದಾಗ ಮಾಳಿಗೆಯ ನೀರು ಹಿಡಿದಿಟ್ಟರೆ ಆಗುತ್ತದೆ, ಆದರೆ ಎಲ್ಲಿ ಹಿಡಿದಿಡುವುದು ಅಂತ ಸುವರ್ಣಾ ಪೆನ್ಸಿಲು ಕಚ್ಚುತ್ತ ಕೂತಳು. ಆಗ ನಾನು ಬಾಯಿ ಹಾಕಿದೆ. ಅಂಗಳದಲ್ಲಿ ಅಡ್ಡಾಡುವಾಗ ನನ್ನ ಕೋಲಿನ ಸಪ್ಪಳ ಒಂದು ಕಡೆ ಬೇರೆ ಕೇಳಿತ್ತು. ಅಲ್ಲಿಗೆ ಹೋಗಿ ಮತ್ತೆ ಬಡಿದೆ.

"ಇಲ್ಲಿ ಹಗೇವು ಅದ," ಅಂದೆ.

ಈಗಿನ ಮಕ್ಕಳು ಹಗೇವು ನೋಡಿಲ್ಲ. ಜ್ವಾಳ ಇಡಲು ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ನೀರಿನ ಕೊಡದ ಹೊಟ್ಟೆಯಂತೆ ಅಗಲ, ಆಳ ಎರಡಾಳು. ಸುತ್ತ ಜ್ವಾಳದ ದಂಟಿನ ಕಣಿಕೆ ಹಚ್ಚಿ, ಜ್ವಾಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಹತ್ತು ವರ್ಷ ಜ್ವಾಳ ಕೆಡುವುದಿಲ್ಲ. ಗೌಡರ ಮನೆಯಲ್ಲಿ ಇಂಥವು ಆರೇಳು ಇರುತ್ತಿದ್ದವು.

ಸುವರ್ಣಾಳ ಮುಖ ಬೆಳಗಿದ್ದು ಆಗಲೇ. "ಆಯಿ, ಇದನ್ನ ಗಾರಿ ಮಾಡಿಸಿದ್ರ ನೆಲದಾಗ ಟಾಕಿ ಆಯ್ತಲ್ಲ. ಯಾರಿಗೂ ಕಾಣಂಗಿಲ್ಲ, ಆವಿನೂ ಆಗಂಗಿಲ್ಲ." ಕೂಡಲೇ ಕಾಗದದ ಮೇಲೆ ಗುಂಡಗೆ ಬರೆದಳು. ಗೌಡರಿಗೂ ಸೇರಿತು. ಹಳೆ ಮನೆಯ ಹಳೆ ಹಗೇವೇ ಹೊಸ ಬಗೀಚಾಕ್ಕೆ ನೀರು ಕೊಡುವುದು, ಬೀಗರಿಗೆ ಹೇಳಲು ಛಲೋ ಮಾತು. ಅವತ್ತು ಊಟದಲ್ಲಿ ನನಗೆ ಎರಡು ಸಲ ತುಪ್ಪ ಬಡಿಸಿದರು. ನಾನೂ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ.

ಬುಧವಾರ ಕೆಲಸದವರು ಬಂದರು. ಜೇವರ್ಗಿ ಕಡೆಯ ಒಂದು ಹಳ್ಳಿಯಿಂದ ಬಂದು ಕರಜಗಿಯ ಹತ್ತಿರ ಬಾವಿ ತೋಡುತ್ತಿದ್ದ ಗುಂಪು. ಅವರಲ್ಲಿ ಸಾಯಬಣ್ಣ ಅನ್ನುವವನು ಮುಂದಾಳು, ನಲವತ್ತರ ಆಳು. ಹೆಂಡತಿ ನೀಲವ್ವ ಬುಟ್ಟಿ ಹೊರುತ್ತಿದ್ದಳು. ಇಬ್ಬರೂ ದಿನವಿಡೀ ಒಬ್ಬರ ಕಾಲು ಒಬ್ಬರು ಎಳೆಯುತ್ತಿದ್ದರು.

"ಲೇ, ಬುಟ್ಟಿ ತುಂಬ ಹಾಕು. ಅರ್ಧ ಬುಟ್ಟಿ ಹೊತ್ತು ನನ್ನ ನಡಾ ನೊಂದದ," ಅಂತ ನೀಲವ್ವ.

"ತುಂಬಿದ್ರ ಕುತ್ತಿಗಿ ನೊಂದದ ಅಂತಿ. ನಿನಗ ಎಲ್ಲಿ ನೋಯಂಗಿಲ್ಲ ಅದನ್ನ ಹೇಳಬೇ, ಅಲ್ಲೇ ಇಡ್ತೇನಿ."

ಅವನಿಗೆ ತಂಗಡಿಯ ಸಂಗತಿ ಕೇಳಿ ಬಹಳ ನಗೆ ಬಂದಿತ್ತು. "ಅಕ್ಕಾರ, ನಮ್ಮೂರಾಗ ಬೇಕಾದಷ್ಟು ತಂಗಡಿ ಅವ. ಒಂದು ಲಾರಿ ಕಳಿಸ್ರಿ, ನಮ್ಮೂರೇ ಬಗೀಚಾ ಆಗಿ ಬಂದುಬಿಡ್ತದ," ಅಂತ ಸುವರ್ಣಾಳಿಗೆ ಹೇಳಿ ನಗಿಸಿದ. ಅವತ್ತು ಸುಣ್ಣದ ಗೆರೆ ಎಳೆದರು, ಫರ್ಸಿ ಇಳಿಸಿದರು, ನನ್ನ ಗುಲಾಬಿ ಕಡ್ಡಿಗಳನ್ನು ಬಾವಿಯ ನೆರಳಿನಲ್ಲಿ ಊರಿದೆವು.

ಗುರುವಾರ ಮುಂಜಾನೆ ಎಂಟರ ಸುಮಾರಿಗೆ ಹಗೇವಿನ ಚಪ್ಪಡಿ ಎತ್ತಿದರು. ಒಳಗಿನಿಂದ ಹುಳಿತ ವಾಸನೆ ಬಂತು. ತಳದಲ್ಲಿ ಹಳೆ ಜ್ವಾಳ ಕೊಳೆತು ಕೂತಿತ್ತು.

"ಇವತ್ತು ಬಾಯಿ ತೆರದು ಬಿಡ್ರಿ. ನಾಳಿ ಕಂದೀಲು ಇಳಿಸಿ ನೋಡಿ ಆಮ್ಯಾಲ ಇಳೀರಿ," ಅಂದೆ.

ಗೌಡರು ಕೈಗಡಿಯಾರ ನೋಡಿಕೊಂಡರು. "ಒಂದಿನ ಸುಮ್ನ ಹೋಯ್ತಂದ್ರ ಗಾರಿ ಯಾವಾಗ ಒಣಗೂದು? ಬೀಗರು ಬರೂದ್ರಾಗ ಹುಲ್ಲು ಹತ್ತಬೇಕು."

"ಹಂಗಾದ್ರ ಕಂದೀಲರೆ ಇಳಿಸಿ ನೋಡ್ರಿ."

"ನೋಡ್ತೇವಿ ಆಯಿ, ನೀ ಹೋಗು," ಅಂದಳು ಸುವರ್ಣಾ. ಒಳಗಿನಿಂದ ಅವ್ವಾರು ಚಹಾಕ್ಕೆ ಕರೆಯುತ್ತಿದ್ದರು. ನಾನು ಹೋದೆ.

ಕಂದೀಲು ಇಳಿಸುವುದು ಬೆಳಕಿಗಲ್ಲ. ಅದು ಆರುತ್ತದೋ ಇಲ್ಲವೋ ನೋಡಲಿಕ್ಕೆ. ಆರಿದರೆ ಒಳಗೆ ಉಸಿರಿಲ್ಲ ಅಂತ ಅರ್ಥ. ನಮ್ಮ ಕಾಲದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ, ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಹೇಳಬೇಕು ಅಂತ ನನ್ನ ತಲೆಗೆ ಬರಲೇ ಇಲ್ಲ. ಸಾಯಬಣ್ಣ ಬಾವಿ ತೋಡುವವನು, ಮೇಲಿಂದ ಬಯಲಾಗಿ ತೋಡುತ್ತ ಹೋಗುವವನು. ಹತ್ತಿಪ್ಪತ್ತು ವರ್ಷ ಮುಚ್ಚಿಟ್ಟ ಗುಂಡಿಗೆ ಅವನು ಇಳಿದಿರಲಿಲ್ಲ. ಸುವರ್ಣಾ ಧಾರವಾಡದಿಂದ ತಂದ ಮೂರು ಸೆಲ್ಲಿನ ಬ್ಯಾಟರಿ ಇತ್ತು. ಹೊಗೆ ಹಿಡಿದ ಕಂದೀಲಿಗಿಂತ ಅದು ಛಲೋ ತೋರಿಸುತ್ತದೆ ಅಂತ ಅದನ್ನೇ ಹಗ್ಗಕ್ಕೆ ಕಟ್ಟಿ ಬಿಟ್ಟಳಂತೆ. ತಳ ಸ್ವಚ್ಛ ಕಂಡಿತಂತೆ. ಹಾವಿಲ್ಲ, ಚೇಳಿಲ್ಲ ಅಂದಳಂತೆ. ಸಾಯಬಣ್ಣ ಹಗ್ಗ ಹಿಡಿದು ಇಳಿದ.

ನಾನು ಬಸಿಯಲ್ಲಿ ಎರಡನೇ ಸಲ ಚಹಾ ಹಾಕಿಕೊಂಡಿದ್ದೆ. ಹೊರಗೆ ನೀಲವ್ವನ ಧ್ವನಿ ಕೇಳಿತು. ಮೊದಲು ಚೇಷ್ಟೆಯ ಧ್ವನಿ. "ಏಳಲೇ, ಸೋಗು ಸಾಕು." ಆಮೇಲೆ ಬೇರೆ ಧ್ವನಿ. ನಾನು ಬಸಿ ಇಟ್ಟು ಹೊರಗೆ ಬಂದಾಗ ಜೀಪು ಹೆಬ್ಬಾಗಿಲು ದಾಟುತ್ತಿತ್ತು. ಸುವರ್ಣಾ ಡಾಕ್ಟರನ್ನು ತರಲು ಮಹಿಬೂಬನ ಜೊತೆ ಕರಜಗಿಗೆ ಹೋದಳು ಅಂದರು. ನೀಲವ್ವ ಹಗೇವಿಗೆ ಕಾಲು ಇಳಿಬಿಟ್ಟಿದ್ದಳು. ಅವಳ ಸೀರೆ ಹಿಡಿದು ಹಿಂದಕ್ಕೆ ಎಳೆದು ಕೆಡವಿದೆ. "ಕಂದೀಲು ಇಳಿಸೀರೇನು?" ಅಂತ ಕೇಳಿದೆ. "ಬ್ಯಾಟರಿ ಇಳಿಸಿ ನೋಡೇವ್ರಿ," ಅಂದರು.

ಒಳಗಿನಿಂದ ಕಂದೀಲು ತರಿಸಿ ಹಚ್ಚಿ ಬಿಟ್ಟೆ. ಒಂದಾಳಿನ ಆಳಕ್ಕೆ ಇಳಿಯುವುದರೊಳಗೆ ಪಕ್ಕನೆ ಆರಿತು. ಅಲ್ಲಿದ್ದ ಗಂಡಸರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಬೇವಿನ ಟೊಂಗೆ ಕಡಿಸಿ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಜಗ್ಗಿಸಿದೆ, ಗಾಳಿ ಆಡಲಿ ಅಂತ. ಕಡೆಗೆ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ತಂದು, ಅದರ ಕೊಕ್ಕೆ ಅವನ ಧೋತರಕ್ಕೆ ಸಿಗಿಸಿ ಎಳೆದರು. ಮೂರು ಸಲ ಜಾರಿತು. ಮೇಲೆ ಬಂದಾಗ ಜೀವ ಇರಲಿಲ್ಲ. ಕೊಕ್ಕೆ ತಾಗಿ ಪಾದದ ಹತ್ತಿರ ಎರಡು ಗಾಯ ಆಗಿದ್ದವು.

ಗೌಡರು ಬಗ್ಗಿ ಆ ಎರಡು ಗಾಯ ನೋಡಿದರು. ಎದ್ದು ನಿಂತು, ಊರವರಿಗೆ ಕೇಳುವ ಹಾಗೆ, "ಹಾವು. ನೋಡ್ರಿ, ಹಲ್ಲು ಊರ್ಯಾವ," ಅಂದರು.

ಕಂದೀಲು ಇನ್ನೂ ನನ್ನ ಕೈಯಲ್ಲೇ ಇತ್ತು. ಅವರು ನನ್ನನ್ನು ಬೇವಿನ ಮರದ ಹಿಂದೆ ಕರೆದರು. "ಯವ್ವಾ, ನಿಮಗೂ ಗೊತ್ತು, ನನಗೂ ಗೊತ್ತಾಯ್ತು. ಹೋದ ಜೀವ ಬರಂಗಿಲ್ಲ. ಹಾವು ಅಂದ್ರ ಎಲ್ಲಾರಿಗೂ ಛಲೋ. ನಿಮ್ಮ ಹುಡುಗಿಗಿ ಇನ್ನಾ ಛಲೋ. ಬ್ಯಾಟರಿ ಬಿಟ್ಟಾಕಿ ಯಾರು?"

ನಾನು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಹೂಂ ಆಯಿತು.

ಡಾಕ್ಟರು ಬರುವಷ್ಟರಲ್ಲಿ ಎಲ್ಲರ ಬಾಯಲ್ಲೂ ಹಾವೇ ಇತ್ತು. ಕಂದೀಲು ಆರಿದ್ದು ಕಂಡವರೂ ಗೌಡರ ಮಾತು ಮೀರಲಿಲ್ಲ, ಕೆಡವಿದಲ್ಲೇ ಬಿದ್ದಿದ್ದ ನೀಲವ್ವ ಅದನ್ನು ಕಂಡಿರಲಿಲ್ಲ. ಅವರು ನಾಡಿ ನೋಡಿ ತಲೆ ಅಲ್ಲಾಡಿಸಿದರು. ಪಂಚರು ಕೂತು ಕಾಗದದ ಮೇಲೂ ಹಾವು ಅಂತಲೇ ಬರೆದರು. ಸುವರ್ಣಾ ಹಗೇವಿನ ಹತ್ತಿರ ನಿಂತು, "ನಾ ಬ್ಯಾಟರಿ ಬಿಟ್ಟು ನೋಡಿದ್ದೆ ಆಯಿ. ಮೂಲಿ ಮೂಲಿ ನೋಡಿದ್ದೆ. ಎಲ್ಲಿತ್ತದು?" ಅಂತ ಮತ್ತೆ ಮತ್ತೆ ಕೇಳಿದಳು. ಗಂಟು ಕಟ್ಟಲು ಒಳಗೆ ಹೋದಾಗ ಅವ್ವಾರು ನನ್ನ ಕೈ ಹಿಡಿದರು. "ಕಂದೀಲಿನ ಸಂಗತಿ ನನಗೂ ಗೊತ್ತಿತ್ತವ್ವ. ಬ್ಯಾಟರಿ ಇಳಿಬಿಡೂದು ನಾ ಕಿಡಿಕ್ಯಾಗಿಂದ ನೋಡಿದೆ. ಹೊರಗ ಬಂದು ಹೇಳಬೇಕಂತ ಎದ್ದೆ. ಹೊಸ್ತಿಲಾ ದಾಟಲಿಲ್ಲ," ಅಂದರು. ಚಹಾ ಕೊಡುವಾಗ ಅವರು ಒಮ್ಮೆ ಎದ್ದು ಹೊಸ್ತಿಲ ತನಕ ಹೋಗಿ ಮತ್ತೆ ಕೂತದ್ದು ನನಗೆ ಆಗ ನೆನಪಾಯಿತು.

ಮಧ್ಯಾಹ್ನ ಒಂದಕ್ಕೆ ಮೆಟಾಡೋರಿನಲ್ಲಿ ಹೆಣ ಹಾಕಿಕೊಂಡು ಹೊರಟೆವು. ನೀಲವ್ವನ ಜೊತೆ ಹೆಣ್ಣು ಅಂತ ಯಾರೂ ಇರಲಿಲ್ಲ, ಅದಕ್ಕೆ ನಾನು ಹತ್ತಿದೆ. ಗುಲಬರ್ಗಾದಲ್ಲಿ ಸುವರ್ಣಾಳನ್ನು ಇಳಿಸಿ ಆಳಂದದ ಬಸ್ಸಿಗೆ ಹತ್ತಿಸಿದೆ. ಬರುತ್ತೇನೆ ಅಂತ ಹಟ ಮಾಡಿದಳು. "ಬ್ಯಾಡ," ಅಂದೆ. ಅಲ್ಲಿ ಯಾರಾದರೂ ಅವಳನ್ನು ಕೇಳಿಯಾರು ಅಂತ ನನ್ನ ಭಯ. ನಕ್ಷೆಯ ಕಾಗದ ಸುತ್ತದೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು.

ಗುಲಬರ್ಗಾದಿಂದ ಜೇವರ್ಗಿಗೆ ಹೋಗುವಾಗ ಭೀಮಾ ನದಿ ದಾಟಬೇಕು. ಹೊಳೆಯಲ್ಲಿ ನೀರಿಗಿಂತ ಉಸುಕು ಹೆಚ್ಚಿತ್ತು. ನೀಲವ್ವ ಹೆಣದ ಕಾಲ ಹತ್ತಿರ ಕೂತಿದ್ದಳು. ಸೇತುವೆಯ ಮೇಲೆ ಕೇಳಿದಳು. "ಆಯಿ, ಅಂವ ಬೆಳಿಗ್ಗಿ ರೊಟ್ಟಿ ತಿಂದಿರಲಿಲ್ಲ. ಹಾವಿನ ವಿಷ ಹಸಿದ ಹೊಟ್ಟಿಗಿ ಲಗೂ ಏರ್ತದೇನು?"

"ಗೊತ್ತಿಲ್ಲವ್ವ," ಅಂದೆ.

ಅವರ ಹಳ್ಳಿ ಜೇವರ್ಗಿಯಿಂದ ಒಂದು ಹರದಾರಿ. ಹೊತ್ತು ಇಳಿಯುವಾಗ ಮುಟ್ಟಿದೆವು. ದಾರಿಯ ಎರಡೂ ಬದಿಗೆ ತಂಗಡಿ ಇತ್ತು, ಅವನು ಹೇಳಿದ್ದು ಖರೆ. ಬೆಳಕಿದ್ದಾಗಲೇ ಮಣ್ಣು ಕೊಟ್ಟರು. ಆಮೇಲೆ ಮನೆಯ ಮುಂದೆ ಜನ ಕೂತರು. ಸಾಯಬಣ್ಣನ ತಾಯಿ, ನನ್ನಷ್ಟೇ ವಯಸ್ಸಿನ ಮುದುಕಿ, ಅಳು ನಿಲ್ಲಿಸಿ ಸೊಸೆಯ ಕಡೆ ತಿರುಗಿದಳು.

"ಹಾವು ಸುಮ್ಮ ಕಡಿಯಂಗಿಲ್ಲ. ಹ್ವಾದ ಪಂಚಮಿ ದಿನ ನೆಲ ಅಗದೀರಿ. ಹಬ್ಬದಾಗ ನಾಗಪ್ಪನ ನೆಲ ಅಗಿಬ್ಯಾಡ್ರಿ ಅಂತ ನಾ ಬಡಕೊಂಡೆ. ಅಂವ ಕುಂತಿದ್ದ. ಎಬ್ಬಿಸಿಕೊಂಡು ಹ್ವಾದಾಕಿ ನೀನು."

"ಬಾವಿ ಧಣಿ ಅರ್ಜಂಟ್ ಅಂದಿದ್ದ ಅತ್ತಿ," ಅಂದಳು ನೀಲವ್ವ. "ಅರ್ಧ ದಿನ ಅಷ್ಟೇ ಮಾಡೇವಿ."

"ನಾಗಪ್ಪ ಅರ್ಧ ದಿನ ಎಣಿಸ್ತಾನೇನು? ನನ್ನ ಮಗನ್ನ ತಿಂದಾಕಿ ನೀನು. ಈ ಮನ್ಯಾಗ ನೀನೂ ಬ್ಯಾಡ, ನಿನ್ನ ಹೆಣ್ಣುಮಕ್ಕಳೂ ಬ್ಯಾಡ. ಮೂರನೇ ದಿನದ ಕಾರ್ಯ ಮುಗಿಲಿ, ಎಲ್ಲಿಗಿ ಹೋಗ್ತಿ ಹೋಗು."

ಕೂತವರಲ್ಲಿ ಒಬ್ಬರೂ ಅಲ್ಲ ಅನ್ನಲಿಲ್ಲ. ಪಂಚಮಿಯ ದಿನ ನೆಲ ಅಗೆಯಬಾರದು ಅನ್ನುವುದು ನಮ್ಮೂರಲ್ಲೂ ಇದೆ, ನಾನೂ ಅಗೆಯುವುದಿಲ್ಲ. ನೀಲವ್ವ ತಾನೇ ಅದನ್ನು ನಂಬಿದ್ದು ನನಗೆ ಕಂಡಿತು. ಅವಳು ಎರಡು ಹೆಣ್ಣುಮಕ್ಕಳನ್ನು ಎರಡು ತೊಡೆಯ ಮೇಲೆ ಕೂಡಿಸಿಕೊಂಡು, ಅಪರಾಧ ಮಾಡಿದವರ ಹಾಗೆ ನೆಲ ನೋಡುತ್ತಿದ್ದಳು. ಗೌಡರು ಹೇಳಿದ ಎಲ್ಲಾರಿಗೂ ಛಲೋ ಅನ್ನುವ ಮಾತು ಇವಳ ತಲೆಯ ಮೇಲೆ ಬಂದು ಬಿದ್ದಿತ್ತು. ಬಾಯಿ ತೆರೆದರೆ ಒಂದೇ ಮಾತು ಸಾಕಾಗಿತ್ತು. ಆ ಮಾತಿನ ಹಿಂದೆಯೇ ಬ್ಯಾಟರಿ ಬಿಟ್ಟವರು ಯಾರು ಅನ್ನುವ ಮಾತು ಬರುತ್ತಿತ್ತು. ನಾನು ಸೆರಗು ಹೊದ್ದು ಕೂತೇ ಇದ್ದೆ.

ಶುಕ್ರವಾರ ಹೊರಡುವಾಗ ನೀಲವ್ವ ಊರ ಹೊರಗಿನ ತನಕ ಬಂದಳು. "ಆಯಿ, ನೀವು ನನ್ನ ಸೀರಿ ಹಿಡದು ಎಳೀಬಾರದಿತ್ತು," ಅಂದಳು. ತಿರುಗಿ ಊರೊಳಗೆ ನಡೆದಳು.

ಜೇವರ್ಗಿಯಿಂದ ಗುಲಬರ್ಗಾ, ಗುಲಬರ್ಗಾದಿಂದ ಆಳಂದ, ಆಳಂದದಿಂದ ಊರು. ಎಲ್ಲಿ ಎಷ್ಟು ಕೊಟ್ಟೆ ನೆನಪಿಲ್ಲ. ಎಲ್ಲಿಯೂ ಏನೂ ತಿನ್ನಲಿಲ್ಲ. ಮೋಡ ಹಾಗೇ ನಿಂತಿತ್ತು, ಹನಿ ಬೀಳಲಿಲ್ಲ. ಮನೆ ಮುಟ್ಟಿದಾಗ ನಾಲ್ಕು ಗಂಟೆ. ಮಗ ಕಟ್ಟೆಯ ಮೇಲೆ ಕೂತಿದ್ದ. "ಹಾವು ಕಡದ್ರ ಇಕಿ ಏನ್ ಮಾಡ್ಯಾಳು? ಗೌಡ್ರು ಕಾಗದ ಬರೀತಾರಂತ, ನಾಕು ದಿನ ಹೋದ ಮ್ಯಾಲ ಮತ್ತ ಕರೀತಾರಂತ," ಅಂದ. ಮಗಳ ಪರ ಅವನು ಮಾತಾಡಿದ್ದು ನಾನು ಮೊದಲ ಸಲ ಕೇಳಿದ್ದು. ಸುವರ್ಣಾ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ಸಪ್ಪಳ ಕೇಳಿ, "ಆಯಿ, ಆ ಹಾವು ನನಗ ಯಾಕ ಕಾಣಲಿಲ್ಲ?" ಅಂದಳು.

ಮರುದಿನ ಬೆಳ್ಳಂಬೆಳಗ್ಗೆ ಎದ್ದು ಮಗನಿಗೆ ನಮ್ಮ ಮನೆಯ ಮುಂದಿನ ಹಗೇವಿನ ಚಪ್ಪಡಿ ಸರಿಸು ಅಂದೆ. ಎಂಟು ವರ್ಷದಿಂದ ಮುಚ್ಚಿದ್ದು, ಮೇಲೆ ಎತ್ತು ಕಟ್ಟುತ್ತಿದ್ದೆವು. ಅವನು ಯಾಕೆ ಅಂದ. ಸರಿಸು ಅಂದೆ. ಸುವರ್ಣಾಳನ್ನು ಎಬ್ಬಿಸಿ ತಂದು ಅದರ ಬಾಯಿಯ ಹತ್ತಿರ ನಿಲ್ಲಿಸಿದೆ. ಕಂದೀಲು ಹಚ್ಚಿ, ಹಗ್ಗ ಕಟ್ಟಿ, ಅವಳ ಕೈಯಲ್ಲೇ ಇಳಿಸಲು ಕೊಟ್ಟೆ. ಒಂದು ಮೊಳ, ಎರಡು ಮೊಳ, ಉರಿ ಸಣ್ಣಗಾಯಿತು. ಇನ್ನೊಂದು ಮೊಳಕ್ಕೆ ಆರಿತು. ಮೇಲೆ ತೆಗೆದು ಮತ್ತೆ ಹಚ್ಚಿದೆ, ಮತ್ತೆ ಆರಿತು. ಆಮೇಲೆ ಅವಳ ಬ್ಯಾಟರಿ ಹಗ್ಗಕ್ಕೆ ಕಟ್ಟಿ ಬಿಟ್ಟೆ. ಅದು ತಳದ ತನಕ ಹತ್ತಿಕೊಂಡೇ ಹೋಯಿತು.

ಅವಳು ಬಗ್ಗಿ ಆ ಬೆಳಕನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಲ್ಲೇ ಕೂತಳು. "ಸಾಲ್ಯಾಗ ಉರಿಯೂ ಮೋಂಬತ್ತಿ ಮ್ಯಾಲ ಗ್ಲಾಸ್ ಬೋರಲ ಹಾಕಿ ತೋರಿಸಿದ್ರು ಆಯಿ," ಅಂದಳು. "ಪರೀಕ್ಷಾದಾಗ ಬರದಿದ್ದೆ."

"ನಾ ಯಾಕಂತ ಹೇಳಲಿಲ್ಲ, ನೀ ಯಾಕಂತ ಕೇಳಲಿಲ್ಲ," ಅಂದೆ. "ಅಲ್ಲಿ ನೀಲವ್ವನ್ನ ಮನಿಯಿಂದ ಹೊರಗ ಹಾಕಾಕತ್ತಾರ, ಹಾವಿನ ಹೆಸರಿಲೆ. ಇವತ್ತೇ ಮೂರನೇ ದಿನ. ಮುಖಾ ತೊಳಕೊ. ಬಸ್ಸು ಆರೂವರೆಗಿ ಅದ."

ಮಗ ಅಡ್ಡ ನಿಂತ. ನೋಡಿಟ್ಟ ಗಂಡಿನ ಮನೆಯವರಿಗೆ ಇದು ಗೊತ್ತಾದರೆ ಏನು, ಗೌಡರು ಏನು ಅಂದಾರು, ಊರು ಏನು ಅಂದೀತು ಅಂತ ಹೇಳುತ್ತಲೇ ಇದ್ದ. ಸುವರ್ಣಾ ಅವನನ್ನು ದಾಟಿ ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ಅದೇ ಬಸ್ಸು, ಅದೇ ಕಂಡಕ್ಟರ್. ನನ್ನ ತೊಡೆಯ ಮೇಲಿದ್ದದ್ದನ್ನು ನೋಡಿ, "ಕಡ್ಡಿ ಹೋಗಿ ಇವತ್ತು ಕಂದೀಲು ಬಂತಲ್ಲ ಯವ್ವಾ. ಹಗಲಿನ್ಯಾಗ ಕಂದೀಲು ಯಾಕ ಬೇಕು?" ಅಂದ.

ಈ ಸಲ ಯಾಕೆ ಅಂತ ಹೇಳಿದೆ. ಆಳಂದ ಬರುವ ತನಕ ಹೇಳಿದೆ.